ಸೈನಸ್ ಕ್ಯಾನ್ಸರ್: ಆಪರೇಷನ್ನಿಗೆ ಮುನ್ನ ಕಿಮೊ ಜೊತೆಗೆ ಇಮ್ಯುನೊಥೆರಪಿ ಬೇಕೆ?

ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹಳ್ಳಿ. ತಂದೆಯವರಿಗೆ 61 ವರ್ಷ. ಬಡಿಗತನ ಮಾಡಿಕೊಂಡು ಬಂದವರು, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕೆಲವು ತಿಂಗಳಿಂದ ಎಡ ಮೂಗು ಕಟ್ಟುತ್ತಿತ್ತು, ಆಗಾಗ ರಕ್ತ ಬರುತ್ತಿತ್ತು. ಆಮೇಲೆ ಕೆನ್ನೆ ಊದಿ ಮೇಲಿನ ಹಲ್ಲುಗಳು ಅಲ್ಲಾಡತೊಡಗಿದವು. ಬಯಾಪ್ಸಿಯಲ್ಲಿ ಮ್ಯಾಕ್ಸಿಲರಿ ಸೈನಸ್ಸಿನ (ಕೆನ್ನೆಯೊಳಗಿನ ಗಾಳಿಗೂಡಿನ) ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಕ್ಯಾನ್ಸರ್ ಎಂದು ಬಂದಿದೆ. ಸಿ.ಟಿ. ಸ್ಕ್ಯಾನಿನಲ್ಲಿ ಕಣ್ಣಿನ ಗೂಡಿನ ತಳದ ಮೂಳೆ ಸವೆದಿದೆ, ಕುತ್ತಿಗೆಯಲ್ಲಿ ಗಂಟಿಲ್ಲ, ಹಂತ ಟಿ4ಎ ಎಂದು ಬರೆದಿದ್ದಾರೆ. ಹೈದರಾಬಾದಿನ ಶಸ್ತ್ರವೈದ್ಯರೊಬ್ಬರು ಮೇಲ್ದವಡೆಯೊಂದಿಗೆ ಎಡಗಣ್ಣನ್ನೂ ತೆಗೆಯಬೇಕಾಗಬಹುದು ಎಂದರು. ಇನ್ನೊಬ್ಬ ಕ್ಯಾನ್ಸರ್ ವೈದ್ಯರು, ಮೊದಲು ಮೂರು ಸಲ ಕಿಮೊ ಮತ್ತು ಇಮ್ಯುನೊಥೆರಪಿ ಒಟ್ಟಿಗೆ ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡೋಣ ಎನ್ನುತ್ತಾರೆ. ಇದರಿಂದ ಕಣ್ಣು ಉಳಿಯುತ್ತದೆಯೇ? ತಡವಾಗಿ ಕಾಯಿಲೆ ಹರಡಿಬಿಟ್ಟರೆ? ಹೊಲ ಮಾರಿಯಾದರೂ ಕೊಡಿಸಲು ಸಿದ್ಧರಿದ್ದೇವೆ. ಬಡಿಗ ಕೆಲಸದಿಂದಲೇ ಈ ರೋಗ ಬಂತೇ?

ಉತ್ತರ: ಶಸ್ತ್ರಚಿಕಿತ್ಸೆಗೆ ಮುನ್ನ ಕಿಮೊಥೆರಪಿ ಕೊಡುವುದಕ್ಕೆ ನಿಮ್ಮ ತಂದೆಯವರ ಸ್ಥಿತಿಯಲ್ಲಿ ಒಳ್ಳೆಯ ಕಾರಣ ಇರಬಹುದು. ಅದರೊಂದಿಗೆ ಇಮ್ಯುನೊಥೆರಪಿ, ಅಂದರೆ ದೇಹದ ಸ್ವಂತ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಬಿಡುವ ಔಷಧಿ, ಸೇರಿಸುವುದು ಭರವಸೆ ಹುಟ್ಟಿಸುವ ಕ್ರಮವಾದರೂ, ಸೈನಸ್ಸಿನ ಕ್ಯಾನ್ಸರಿನಲ್ಲಿ ಅದರ ಲಾಭ ದೊಡ್ಡ ಅಧ್ಯಯನಗಳಿಂದ ಇನ್ನೂ ಸಾಬೀತಾಗಿಲ್ಲ. ಆದ್ದರಿಂದ ನಿಮ್ಮ ಎರಡನೆಯ ವೈದ್ಯರ ಸಲಹೆ ಬುಡವಿಲ್ಲದ್ದೇನಲ್ಲ. ಆದರೆ ಅದಕ್ಕಾಗಿ ಹೊಲ ಮಾರಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಹೀಗೆ ಹೇಳಲು ಕಾರಣಗಳನ್ನು ಸ್ವಲ್ಪ ವಿವರವಾಗಿ ಕೊಡಬೇಕಾಗುತ್ತದೆ, ಏಕೆಂದರೆ ನೀವು ಕೇಳಿರುವ ಪ್ರಶ್ನೆಗಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದು ನಿಮ್ಮ ಪತ್ರದಲ್ಲಿಯೇ ಅಡಗಿದೆ.

ಕಣ್ಣಿನ ಗೂಡಿನ ತಳದ ಮೂಳೆ ಸವೆದಿದೆ ಎಂದೂ, ಹಂತ ಟಿ4ಎ ಎಂದೂ ಬರೆದಿದ್ದೀರಿ. ಇವೆರಡೂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಈಗ ಬಳಕೆಯಲ್ಲಿರುವ ಹಂತ ನಿರ್ಣಯದ ಪ್ರಕಾರ ಮ್ಯಾಕ್ಸಿಲರಿ ಸೈನಸ್ಸಿನ ಗಡ್ಡೆ ಕಣ್ಣಿನ ಗೂಡಿನ ತಳವನ್ನು ಅಥವಾ ಮೂಗಿನ ಕಡೆಯ ಗೋಡೆಯನ್ನು ಮಾತ್ರ ಸವೆಸಿದ್ದರೆ ಅದು ಟಿ3 ಆಗುತ್ತದೆ. ಟಿ4ಎ ಎನ್ನಬೇಕಾದರೆ ಗಡ್ಡೆ ಆ ಮೂಳೆಯನ್ನು ದಾಟಿ ಕಣ್ಣಿನ ಗೂಡಿನ ಮುಂಭಾಗದ ಒಳವಸ್ತುಗಳನ್ನು ಮುಟ್ಟಿರಬೇಕು, ಇಲ್ಲವೇ ಕೆನ್ನೆಯ ಚರ್ಮ, ದವಡೆಯ ಹಿಂದಿನ ಟೆರಿಗಾಯ್ಡ್ ಮೂಳೆಗಳು, ಅವುಗಳ ಪಕ್ಕದ ಆಳವಾದ ಜಾಗ, ಇಂಥ ಬೇರೆಡೆಗೆ ಹಬ್ಬಿರಬೇಕು. ನಿಮ್ಮ ತಂದೆಯವರ ವಿಷಯದಲ್ಲಿ ಇವುಗಳಲ್ಲಿ ಯಾವುದು ಎಂಬುದನ್ನು ವರದಿಯಲ್ಲಿ ಹುಡುಕಿ, ಇಲ್ಲದಿದ್ದರೆ ವೈದ್ಯರನ್ನು ಕೇಳಿ. ಇದು ಕಾಗದದ ಮೇಲಿನ ಅಂಕಿಯ ತಕರಾರಲ್ಲ, ಕಣ್ಣಿನ ಭವಿಷ್ಯ ಇದರಲ್ಲಿಯೇ ನಿರ್ಧಾರವಾಗುತ್ತದೆ.

ಸೈನಸ್ಸಿಗೂ ಕಣ್ಣಿಗೂ ನಡುವೆ ಇರುವ ಮೂಳೆ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಿರುತ್ತದೆ. ಅದು ಸುಲಭವಾಗಿ ಸವೆಯುತ್ತದೆ. ಆದರೆ ಅದರ ಮೇಲೆ ಪೆರಿಆರ್ಬಿಟಾ ಎಂಬ ಗಟ್ಟಿಯಾದ ಪೊರೆ ಇದೆ, ಮತ್ತು ಈ ಪೊರೆ ಕ್ಯಾನ್ಸರನ್ನು ಸಾಕಷ್ಟು ಕಾಲ ತಡೆದು ನಿಲ್ಲಿಸುತ್ತದೆ. ಪೊರೆಯ ಆಚೆ ಕೊಬ್ಬು, ಕೊಬ್ಬಿನ ನಡುವೆ ಕಣ್ಣನ್ನು ತಿರುಗಿಸುವ ಸ್ನಾಯುಗಳು, ಎಲ್ಲಕ್ಕಿಂತ ಹಿಂದೆ ಗೂಡಿನ ತುದಿಯಲ್ಲಿ ದೃಷ್ಟಿನರ. ಮೂಳೆ ಮಾತ್ರ ಸವೆದಿದ್ದರೆ, ಅಥವಾ ಪೊರೆಯ ಒಂದು ಸಣ್ಣ ಭಾಗಕ್ಕೆ ಮಾತ್ರ ರೋಗ ತಗುಲಿದ್ದರೆ, ಅನುಭವಿ ಶಸ್ತ್ರವೈದ್ಯರು ಆ ಭಾಗವನ್ನು ತೆಗೆದು ಕಣ್ಣನ್ನು ಉಳಿಸುತ್ತಾರೆ, ಅದಕ್ಕೆ ಮೊದಲು ಯಾವ ಔಷಧಿಯೂ ಬೇಕಾಗುವುದಿಲ್ಲ. ಕೊಬ್ಬಿನೊಳಕ್ಕೆ, ಸ್ನಾಯುವಿನೊಳಕ್ಕೆ ಅಥವಾ ಗೂಡಿನ ತುದಿಯವರೆಗೆ ರೋಗ ಹೋಗಿದ್ದರೆ ಮಾತ್ರ ಕಣ್ಣು ತೆಗೆಯುವ ಮಾತು ಗಂಭೀರವಾಗುತ್ತದೆ. ಅಂದರೆ ನಿಮ್ಮ ತಂದೆಯವರ ಕಣ್ಣು ಔಷಧಿ ಇಲ್ಲದೆಯೇ ಉಳಿಯಬಹುದಾದ ಕಣ್ಣೂ ಆಗಿರಬಹುದು. ಹಾಗಿದ್ದರೆ ಕಣ್ಣು ಉಳಿಸುವುದಕ್ಕಾಗಿ ಮೂರು ಸುತ್ತಿನ ಔಷಧಿ ಎಂಬ ವಾದ ಬಹುಮಟ್ಟಿಗೆ ಬಿದ್ದುಹೋಗುತ್ತದೆ.

ಇದನ್ನು ತಿಳಿಯಲು ಸಿ.ಟಿ. ಒಂದೇ ಸಾಲದು. ಸಿ.ಟಿ. ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಸೈನಸ್ಸಿನೊಳಗೆ ತುಂಬಿರುವುದರಲ್ಲಿ ಎಷ್ಟು ಗಡ್ಡೆ, ಎಷ್ಟು ಬರೀ ಕಟ್ಟಿನಿಂತ ಸಿಂಬಳ ಎಂಬುದನ್ನೂ, ಪೊರೆಯ ಆಚೆಗೆ ರೋಗ ಹೋಗಿದೆಯೇ ಎಂಬುದನ್ನೂ ಅದಕ್ಕಿಂತ ಚೆನ್ನಾಗಿ ತೋರಿಸುವುದು ಕಾಂಟ್ರಾಸ್ಟ್ ಕೊಟ್ಟು ಮಾಡಿದ ಎಂ.ಆರ್.ಐ. ಅದೇ ಎಂ.ಆರ್.ಐ. ಕೆನ್ನೆಯ ನರದ ಗುಂಟ ರೋಗ ತಲೆಬುರುಡೆಯ ತಳದ ಕಡೆಗೆ ಹರಿದಿದೆಯೇ ಎಂಬುದನ್ನೂ ಹೇಳುತ್ತದೆ. ತಂದೆಯವರಿಗೆ ಎಡಗೆನ್ನೆ, ಮೇಲ್ದುಟಿ ಜೋಮು ಹಿಡಿದಂತಾಗಿದೆಯೇ, ಎರಡೆರಡು ಕಾಣಿಸುತ್ತಿದೆಯೇ, ಕಣ್ಣು ಮುಂದಕ್ಕೆ ಬಂದಂತಿದೆಯೇ ಎಂದು ಮನೆಯಲ್ಲಿಯೇ ಕೇಳಿ ನೋಡಿ. ಇವು ವೈದ್ಯರಿಗೆ ಉಪಯುಕ್ತವಾದ ಸುಳಿವುಗಳು.

ಕಣ್ಣು ಉಳಿಯುವುದು ಎಂದರೇನು ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅನೇಕ ಕುಟುಂಬಗಳಿಗೆ ಇದನ್ನು ಮೊದಲೇ ಯಾರೂ ಬಿಡಿಸಿ ಹೇಳಿರುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ನಿಮ್ಮ ತಂದೆಯವರಿಗೆ ಸುಮಾರು ಆರು ವಾರಗಳ ವಿಕಿರಣ ಚಿಕಿತ್ಸೆ ಬಹುತೇಕ ಖಚಿತವಾಗಿ ಬೇಕಾಗುತ್ತದೆ. ಅದರ ಪ್ರಮಾಣ ಸಾಮಾನ್ಯವಾಗಿ 60ರಿಂದ 66 ಗ್ರೇ (ವಿಕಿರಣದ ಅಳತೆ). ಗಡ್ಡೆ ಕಣ್ಣಿಗೆ ಅಂಟಿಕೊಂಡಂತೆ ಇದ್ದಾಗ ಕಣ್ಣಿಗೂ ಒಂದಷ್ಟು ವಿಕಿರಣ ತಗುಲಿಯೇ ತಗುಲುತ್ತದೆ. ಕಣ್ಣು ಒಣಗುವುದು, ಕ್ಯಾಟರಾಕ್ಟ್ ಎಂಬ ಪೊರೆ ಬರುವುದು, ಕೆಲವರಲ್ಲಿ ವರ್ಷಗಳ ನಂತರ ದೃಷ್ಟಿ ಕುಂದುವುದು ಇದರ ಪರಿಣಾಮಗಳು. ಗೂಡಿನ ತಳ ಹೋದ ಮೇಲೆ ಅದಕ್ಕೆ ಟೈಟಾನಿಯಂ ಜಾಲರಿಯನ್ನೋ ದೇಹದ ಬೇರೆ ಭಾಗದ ಅಂಗಾಂಶವನ್ನೋ ಆಸರೆಯಾಗಿ ಕೊಡದಿದ್ದರೆ ಕಣ್ಣು ಕೆಳಕ್ಕೆ ಜಾರಿ ಎರಡೆರಡು ಕಾಣುತ್ತದೆ. ಆದ್ದರಿಂದ ಶಸ್ತ್ರವೈದ್ಯರನ್ನು ಕಣ್ಣು ಉಳಿಯುತ್ತದೆಯೇ ಎಂದಷ್ಟೇ ಕೇಳದೆ, ಉಳಿದ ಕಣ್ಣಿನಲ್ಲಿ ನೋಟ ಎಷ್ಟು ಉಳಿಯಬಹುದು ಎಂದೂ ಕೇಳಿ.

ಇನ್ನು ಬಯಾಪ್ಸಿಯ ವಿಷಯ. ಮೂಗು ಮತ್ತು ಸೈನಸ್ಸುಗಳಲ್ಲಿ ಹುಟ್ಟುವ ಕ್ಯಾನ್ಸರುಗಳು ವಿರಳ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರ ಒಳಗೇ ಇವುಗಳ ಪಾಲು. ಆದರೆ ಬಗೆಗಳು ಮಾತ್ರ ಬಹಳ. ಸ್ಕ್ವಾಮಸ್ ಬಗೆಯೇ ಹೆಚ್ಚಾದರೂ ಸೂಕ್ಷ್ಮದರ್ಶಕದಲ್ಲಿ ಅದನ್ನು ಹೋಲುವ ಬೇರೆಯವೂ ಇವೆ, ಮತ್ತು ಅವುಗಳ ಚಿಕಿತ್ಸೆಯ ದಾರಿಯೇ ಬೇರೆ. ಲಿಂಫೋಮಾ ಆಗಿದ್ದರೆ ದವಡೆ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ, ಔಷಧಿ ಮತ್ತು ವಿಕಿರಣದಿಂದಲೇ ಚಿಕಿತ್ಸೆ ನಡೆಯುತ್ತದೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಆಗಿದ್ದರೆ ಕಿಮೊಗೂ ಇಮ್ಯುನೊಥೆರಪಿಗೂ ಅದು ಅಷ್ಟಾಗಿ ಬಗ್ಗುವುದಿಲ್ಲ. ಬಗೆ ನಿರ್ಧರಿಸಲಾಗದ, ಅನ್‌ಡಿಫರೆನ್ಷಿಯೇಟೆಡ್ ಎನ್ನಿಸಿಕೊಳ್ಳುವ ಸೈನಸ್ ಕ್ಯಾನ್ಸರಿನಲ್ಲಂತೂ ಮೊದಲು ಕೊಟ್ಟ ಕಿಮೊಗೆ ಗಡ್ಡೆ ಹೇಗೆ ಸ್ಪಂದಿಸಿತು ಎಂಬುದನ್ನು ನೋಡಿಯೇ ಮುಂದೆ ಆಪರೇಷನ್ನೋ ವಿಕಿರಣವೋ ಎಂದು ನಿರ್ಧರಿಸುವುದುಂಟು. ಹೀಗಾಗಿ ಪ್ರಯೋಗಾಲಯದಿಂದ ಬಯಾಪ್ಸಿಯ ಮೇಣದ ಬ್ಲಾಕನ್ನು (ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂಡಿಸಿಟ್ಟದ್ದನ್ನು) ಪಡೆದು, ತಲೆ-ಕುತ್ತಿಗೆ ಕ್ಯಾನ್ಸರನ್ನು ಹೆಚ್ಚಾಗಿ ನೋಡುವ ಕೇಂದ್ರದ ರೋಗಶಾಸ್ತ್ರಜ್ಞರಿಂದ ಮತ್ತೊಮ್ಮೆ ನೋಡಿಸಿ. ಆ ಬ್ಲಾಕ್ ನಿಮ್ಮ ಹಕ್ಕಿನದು, ಕೇಳಲು ಸಂಕೋಚ ಬೇಡ.

ಬಡಿಗತನದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಮರದ ಪುಡಿ ಮೂಗು-ಸೈನಸ್ಸಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಸಾಬೀತಾದ ಸಂಗತಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ. ಆದರೆ ಅದರ ನಂಟು ಅತಿ ಗಟ್ಟಿಯಾಗಿರುವುದು ಅಡಿನೋಕಾರ್ಸಿನೋಮ ಎಂಬ ಬೇರೆ ಬಗೆಯೊಂದಿಗೆ, ಅದೂ ಹೆಚ್ಚಾಗಿ ಕಣ್ಣುಗಳ ನಡುವಿನ ಎತ್ಮಾಯ್ಡ್ ಸೈನಸ್ಸಿನಲ್ಲಿ. ತಂದೆಯವರ ಬಗೆಗೆ ಅದು ಕಾರಣವಾಗಿರಲೂಬಹುದು, ಹೊಗೆಸೊಪ್ಪು ಸೇರಿದಂತೆ ಬೇರೆಯವೂ ಇರಬಹುದು. ಈಗಿನ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ಅಂಗಡಿಯಲ್ಲಿ ಈಗ ನೀವೋ ತಮ್ಮನೋ ಕೆಲಸ ಮಾಡುತ್ತಿದ್ದರೆ ಪಾಲಿಶ್ ಯಂತ್ರದ ಮುಂದೆ ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಆಪರೇಷನ್ನಿಗೆ ಮುನ್ನ ಬರೀ ಕಿಮೊ ಕೊಡುವ ಪದ್ಧತಿ ಹೊಸದಲ್ಲ. ಡೋಸಿಟ್ಯಾಕ್ಸೆಲ್, ಸಿಸ್ಪ್ಲಾಟಿನ್ ಮತ್ತು 5-ಎಫ್‌ಯು ಎಂಬ ಮೂರು ಔಷಧಿಗಳನ್ನು, ಅಥವಾ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೊಪ್ಲಾಟಿನ್ ಎಂಬ ಎರಡನ್ನು, ಮೂರು ವಾರಕ್ಕೊಮ್ಮೆ ಎರಡು ಮೂರು ಸುತ್ತು ಕೊಡುತ್ತಾರೆ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮುಂದುವರಿದ ಸೈನಸ್ ಸ್ಕ್ವಾಮಸ್ ಕ್ಯಾನ್ಸರಿನ 46 ರೋಗಿಗಳಿಗೆ ಹೀಗೆ ಮೊದಲು ಕಿಮೊ ಕೊಟ್ಟಾಗ ನೂರಕ್ಕೆ 67 ಜನರಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತ್ತು. ಕುಗ್ಗಿದವರು ಮುಂದೆಯೂ ಹೆಚ್ಚು ಕಾಲ ಬದುಕಿದರು, ಕಿಮೊ ನಡೆಯುತ್ತಿರುವಾಗಲೇ ಗಡ್ಡೆ ಬೆಳೆದವರ ಸ್ಥಿತಿ ಕೆಟ್ಟಿತು. ಇದು ಹಿಂದಿನ ರೋಗಿಗಳ ಕಡತ ನೋಡಿ ಬರೆದ ವರದಿಯೇ ಹೊರತು ಎರಡು ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚಿ ಹೋಲಿಸಿದ ಅಧ್ಯಯನವಲ್ಲ ಎಂಬುದನ್ನು ಗಮನಿಸಬೇಕು. ಅಂಥ ಹೋಲಿಕೆಗಾಗಿಯೇ, ಅದೂ ಕಣ್ಣು ಮತ್ತು ತಲೆಬುರುಡೆಯ ತಳ ಉಳಿಯುತ್ತವೆಯೇ ಎಂಬುದನ್ನು ಗುರಿಯಾಗಿಟ್ಟುಕೊಂಡು, ಅಮೆರಿಕದ ಸಹಕಾರಿ ಗುಂಪೊಂದು ಇಎ3163 ಎಂಬ ಅಧ್ಯಯನವನ್ನು ಕೈಗೆತ್ತಿಕೊಂಡಿತು. ಅದರಲ್ಲಿ ಬಳಸಿದ್ದು ಕಿಮೊ ಮಾತ್ರ, ಇಮ್ಯುನೊಥೆರಪಿ ಅದರಲ್ಲಿಲ್ಲ.

ಇಮ್ಯುನೊಥೆರಪಿ ಎಂದು ನಿಮ್ಮ ವೈದ್ಯರು ಹೇಳಿರುವುದು ಪೆಂಬ್ರೊಲಿಜುಮಾಬ್ ಅಥವಾ ನಿವೊಲುಮಾಬ್ ಎಂಬ ಔಷಧಿಯನ್ನು ಇರಬೇಕು. ನಮ್ಮ ರಕ್ತದಲ್ಲಿರುವ, ರೋಗದೊಡನೆ ಹೋರಾಡುವ ಟಿ ಜೀವಕೋಶಗಳ ಮೇಲೆ ಪಿಡಿ-1 ಎಂಬ ತಡೆ ಇದೆ. ದೇಹದ ಸ್ವಂತ ಅಂಗಗಳ ಮೇಲೆ ಅವು ಎರಗದಿರಲಿ ಎಂದು ಇರುವ ವ್ಯವಸ್ಥೆ ಅದು. ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ಇದೇ ತಡೆಯನ್ನು ಒತ್ತಿ ಪಾರಾಗುತ್ತವೆ. ಈ ಔಷಧಿಗಳು ಆ ಒತ್ತುವಿಕೆಯನ್ನು ತಪ್ಪಿಸುತ್ತವೆ. ಇದರ ಮೂಲ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆಪರೇಷನ್ನಿಗೆ ಮೊದಲೇ ಏಕೆ ಕೊಡಬೇಕು ಎಂದರೆ, ಗಡ್ಡೆಯೂ ಅದರ ಸುತ್ತಲಿನ ದುಗ್ಧಗ್ರಂಥಿಗಳೂ ದೇಹದಲ್ಲಿಯೇ ಇರುವಾಗ ಟಿ ಕೋಶಗಳಿಗೆ ಶತ್ರುವಿನ ಗುರುತು ಹೆಚ್ಚು ಬಗೆಯಲ್ಲಿ ಸಿಗುತ್ತದೆ. ಗಡ್ಡೆಯನ್ನು ತೆಗೆದುಹಾಕಿದ ಮೇಲೆ ಆ ಅವಕಾಶ ಕಡಿಮೆ. ಕಿಮೊ ಜೊತೆಗಿದ್ದರೆ ಸಾಯುವ ಕ್ಯಾನ್ಸರ್ ಕೋಶಗಳಿಂದ ಹೊರಬೀಳುವ ಚೂರುಗಳು ಈ ಗುರುತಿಸುವಿಕೆಯನ್ನು ಇನ್ನಷ್ಟು ಹೆಚ್ಚಿಸಬಹುದು ಎಂಬುದು ತರ್ಕ. ತರ್ಕ ಚೆನ್ನಾಗಿದೆ. ಆದರೆ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಚೆನ್ನಾಗಿದ್ದ ತರ್ಕಗಳು ಅಧ್ಯಯನಕ್ಕೆ ಒಡ್ಡಿದಾಗ ಸೋತದ್ದು ಬಹಳ ಸಲ.

ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿಯೇ ಅದು ಆಗಿದೆ. ವಿಕಿರಣ ಮತ್ತು ಕಿಮೊ ಒಟ್ಟಿಗೆ ನಡೆಯುವಾಗ ಇದೇ ಬಗೆಯ ಔಷಧಿಯನ್ನು ಸೇರಿಸಿದ ಜಾವೆಲಿನ್-100 ಮತ್ತು ಕೀನೋಟ್-412 ಎಂಬ ಎರಡು ದೊಡ್ಡ ಅಧ್ಯಯನಗಳೂ ನಿರೀಕ್ಷಿಸಿದ ಲಾಭವನ್ನು ತೋರಿಸಲಿಲ್ಲ. ಗೆದ್ದದ್ದು ಕೀನೋಟ್-689. ಅದರಲ್ಲಿ ಆಪರೇಷನ್ ಸಾಧ್ಯವಿದ್ದ, ಮುಂದುವರಿದ ಹಂತದ 714 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನಂತೆ ಆಪರೇಷನ್ ಮತ್ತು ವಿಕಿರಣ, ಇನ್ನೊಂದಕ್ಕೆ ಅವುಗಳ ಜೊತೆಗೆ ಪೆಂಬ್ರೊಲಿಜುಮಾಬ್ ಕೊಟ್ಟರು, ಆಪರೇಷನ್ನಿಗೆ ಮುನ್ನ ಎರಡು ಸಲ, ನಂತರ ಹದಿನೈದು ಸಲ. ಮೂರು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ, ಹೆಚ್ಚಾಗದೆ ಇದ್ದವರು ಔಷಧಿ ಪಡೆದ ಗುಂಪಿನಲ್ಲಿ ನೂರಕ್ಕೆ ಸುಮಾರು 58, ಪಡೆಯದ ಗುಂಪಿನಲ್ಲಿ ಸುಮಾರು 46. ಇದರ ಆಧಾರದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಜೂನ್‌ನಲ್ಲಿ, ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟಿದೆ ಎಂದು ಅಳೆಯುವ ಅಂಕ ಒಂದು ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಈ ಕ್ರಮವನ್ನು ಒಪ್ಪಿತು. ನಿಮ್ಮ ವೈದ್ಯರ ಉತ್ಸಾಹಕ್ಕೆ ಇದೂ ಒಂದು ಕಾರಣವಿರಬಹುದು, ಮತ್ತು ಅದು ಸಹಜ.

ಆದರೆ ಈ ಅಧ್ಯಯನವನ್ನು ನಿಮ್ಮ ತಂದೆಯವರಿಗೆ ನೇರವಾಗಿ ಅನ್ವಯಿಸಲು ಹೋದರೆ ಮೂರು ಕಡೆ ಹೊಂದಿಕೆ ತಪ್ಪುತ್ತದೆ. ಅದರಲ್ಲಿದ್ದದ್ದು ಬಾಯಿ, ಗಂಟಲು ಮತ್ತು ಧ್ವನಿಪೆಟ್ಟಿಗೆಯ ಕ್ಯಾನ್ಸರುಗಳು, ಸೈನಸ್ಸಿನವು ಇರಲಿಲ್ಲ. ಆಪರೇಷನ್ನಿಗೆ ಮುನ್ನ ಕೊಟ್ಟದ್ದು ಇಮ್ಯುನೊಥೆರಪಿ ಮಾತ್ರ, ಕಿಮೊ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಗುರಿ ಮರುಕಳಿಕೆ ತಡೆಯುವುದಾಗಿತ್ತೇ ಹೊರತು ಗಡ್ಡೆ ಕುಗ್ಗಿಸಿ ಅಂಗ ಉಳಿಸುವುದಲ್ಲ. ಎರಡು ಸಲದ ಔಷಧಿಯಿಂದ ಗಡ್ಡೆಯ ಬಹುಪಾಲು ಸತ್ತುಹೋದದ್ದು ಅಲ್ಲಿ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ ರೋಗಿಗಳಲ್ಲಿ. ಬೇಗ ಕುಗ್ಗಬೇಕು ಎಂದಾದರೆ ಆ ಕೆಲಸ ಮಾಡುವುದು ಮುಖ್ಯವಾಗಿ ಕಿಮೊ.

ಎರಡನ್ನೂ ಕೂಡಿಸಿ ಕೊಟ್ಟ ಅಧ್ಯಯನಗಳೂ ಇವೆ. ಬಹಳಷ್ಟು ಚೀನಾದಿಂದ ಬಂದವು. ಕೆಲವೇ ಹತ್ತಾರು ರೋಗಿಗಳು, ಹೋಲಿಕೆಗೆ ಎರಡನೆಯ ಗುಂಪಿಲ್ಲ, ಹಿಂಬಾಲಿಸಿ ನೋಡಿದ ಅವಧಿ ಚಿಕ್ಕದು. ಆದರೂ ಆಪರೇಷನ್ನಿನಲ್ಲಿ ತೆಗೆದ ಅಂಗಾಂಶದಲ್ಲಿ ಜೀವಂತ ಕ್ಯಾನ್ಸರ್ ಕೋಶ ಉಳಿಯದಿರುವ ರೋಗಿಗಳ ಪ್ರಮಾಣ, ಇಮ್ಯುನೊಥೆರಪಿ ಮಾತ್ರ ಕೊಟ್ಟಾಗ ಕಾಣುವುದಕ್ಕಿಂತ ಬಹಳ ಹೆಚ್ಚಾಗಿ ಅವುಗಳಲ್ಲಿ ಕಂಡಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ನನ್ನ ಅಭಿಪ್ರಾಯ ಇಷ್ಟು: ಎಂ.ಆರ್.ಐ.ಯಲ್ಲಿ ಪೆರಿಆರ್ಬಿಟಾ ಪೊರೆಯನ್ನು ದಾಟಿ ಅದರಾಚೆಯ ಕೊಬ್ಬಿಗೆ ರೋಗ ತಾಗಿದೆ ಎಂದು ಖಚಿತವಾದರೆ, ಮೊದಲು ಕಿಮೊ ಕೊಟ್ಟು ನೋಡುವುದು ಸಮಂಜಸ. ಇಮ್ಯುನೊಥೆರಪಿ ಯಾವುದಾದರೂ ಅಧ್ಯಯನದ ಭಾಗವಾಗಿ ಉಚಿತವಾಗಿ ಸಿಗುವುದಾದರೆ, ಅಥವಾ ಭಾರವಿಲ್ಲದೆ ಭರಿಸಬಹುದಾದರೆ ಸೇರಿಸಬಹುದು. ಅದು ಇಲ್ಲದೆ ಬರೀ ಕಿಮೊ ಪಡೆದರೆ ತಂದೆಗೆ ಅನ್ಯಾಯ ಮಾಡಿದೆವು ಎಂದು ನೀವು ಕೊರಗಬೇಕಾಗಿಲ್ಲ.

ತಡವಾಗುವ ಭಯ ನಿಜವಾದದ್ದೇ. ಅದಕ್ಕೆ ಪರಿಹಾರ ಕಟ್ಟುನಿಟ್ಟಾದ ವೇಳಾಪಟ್ಟಿ. ಮೂರು ಸುತ್ತು ಎಂದು ಒಪ್ಪಿಕೊಂಡರೂ ಎರಡನೆಯ ಸುತ್ತು ಮುಗಿದೊಡನೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಗಡ್ಡೆ ಕುಗ್ಗಿದ್ದರೆ ಮೂರನೆಯದು, ಇದ್ದಂತೆಯೇ ಇದ್ದರೆ ಅಥವಾ ಬೆಳೆದಿದ್ದರೆ ಔಷಧಿಗೆ ಅಲ್ಲಿಗೇ ವಿರಾಮ, ನೇರ ಆಪರೇಷನ್. ಔಷಧಿ ಬದಲಾಯಿಸಿ ಇನ್ನೊಂದು ನೋಡೋಣ ಎನ್ನುವ ಮಾತಿಗೆ ಇಲ್ಲಿ ಎಡೆಯಿಲ್ಲ, ಏಕೆಂದರೆ ಟಿ4ಎಯಲ್ಲಿರುವ ಗಡ್ಡೆ ಕಣ್ಣಿನ ಗೂಡಿನ ತುದಿಗೋ ಮಿದುಳಿನ ಪೊರೆಗೋ ಹೋಗಿ ಟಿ4ಬಿ ಆದರೆ ಆಪರೇಷನ್ನೇ ಕೈತಪ್ಪಬಹುದು. ಕೊನೆಯ ಸುತ್ತಿನಿಂದ ಮೂರು ನಾಲ್ಕು ವಾರದೊಳಗೆ ಆಪರೇಷನ್, ಆಪರೇಷನ್ನಿನಿಂದ ಆರು ವಾರದೊಳಗೆ ವಿಕಿರಣದ ಆರಂಭ ಎಂಬುದು ಇಟ್ಟುಕೊಳ್ಳಬೇಕಾದ ಲೆಕ್ಕ. ಮೊದಲ ಕಿಮೊ ಕೊಡುವ ದಿನವೇ ಶಸ್ತ್ರವೈದ್ಯರಿಂದ ಆಪರೇಷನ್ನಿನ ವಾರವನ್ನು ಬರೆಸಿಕೊಳ್ಳಿ.

ಇದರ ಇನ್ನೊಂದು ಮಗ್ಗುಲೂ ಇದೆ, ನಮ್ಮ ಭಾಗದಲ್ಲಿ ಅದೇ ಹೆಚ್ಚು ತೊಂದರೆ ಕೊಡುತ್ತದೆ. ಎರಡು ಸುತ್ತಿನ ನಂತರ ಕೆನ್ನೆಯ ಊತ ಇಳಿಯುತ್ತದೆ, ರಕ್ತ ನಿಲ್ಲುತ್ತದೆ, ಊಟ ಸೇರುತ್ತದೆ. ಮನೆಯವರೂ ನೆಂಟರೂ ಗುಣವಾಯಿತು ಎಂದು ತೀರ್ಮಾನಿಸಿ ಆಪರೇಷನ್ ಬೇಡ ಎನ್ನುತ್ತಾರೆ. ರಾಶಿಯ ಕಾಲ ಬಂದರೆ, ಮನೆಯಲ್ಲಿ ಮದುವೆ ಇದ್ದರೆ ಮುಂದಕ್ಕೆ ಹೋಗುತ್ತದೆ. ಸ್ಕ್ಯಾನಿನಲ್ಲಿ ಗಡ್ಡೆ ಮಾಯವಾದಂತೆ ಕಂಡರೂ ಸವೆದ ಮೂಳೆಯ ಸಂದುಗಳಲ್ಲಿ ಕೋಶಗಳು ಉಳಿದಿರುವುದು ಸಾಮಾನ್ಯ. ಕಿಮೊ ಮತ್ತು ಇಮ್ಯುನೊಥೆರಪಿ ಇಲ್ಲಿ ಆಪರೇಷನ್ನಿಗೆ ಪೂರ್ವಸಿದ್ಧತೆ ಮಾತ್ರ, ಅದರ ಬದಲಿಯಲ್ಲ. ತಂದೆಯವರಿಗೂ ಮನೆಯ ಹಿರಿಯರಿಗೂ ಈ ಮಾತನ್ನು ಚಿಕಿತ್ಸೆ ಆರಂಭವಾಗುವ ಮುನ್ನವೇ, ಸಾಧ್ಯವಾದರೆ ವೈದ್ಯರ ಬಾಯಿಂದಲೇ ಹೇಳಿಸಿ.

ಸಕ್ಕರೆ ಕಾಯಿಲೆ ಇರುವುದರಿಂದ ಕೆಲವು ಎಚ್ಚರಿಕೆಗಳು ಬೇಕು. ಡೋಸಿಟ್ಯಾಕ್ಸೆಲ್ ಅಥವಾ ಪ್ಯಾಕ್ಲಿಟ್ಯಾಕ್ಸೆಲ್ ಜೊತೆಗೆ ಅಲರ್ಜಿ ತಡೆಯಲು ಸ್ಟಿರಾಯ್ಡ್ ಕೊಡುತ್ತಾರೆ, ಆ ದಿನಗಳಲ್ಲಿ ಸಕ್ಕರೆ ಏರುತ್ತದೆ. ಮಾತ್ರೆ ಸಾಲದೆ ಕೆಲವು ದಿನ ಇನ್ಸುಲಿನ್ ಬೇಕಾಗಬಹುದು. ಸಿಸ್ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ಕೈಕಾಲಿನ ನರಗಳಿಗೂ ಹೊರೆ. ಹತ್ತು ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡದ ಶಕ್ತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ನೋಡಿಯೇ ಅದನ್ನು ಕೊಡಬೇಕು, ಸರಿಯಿಲ್ಲದಿದ್ದರೆ ಕಾರ್ಬೊಪ್ಲಾಟಿನ್‌ಗೆ ಬದಲಾಯಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ವಾಂತಿಯಾಗಿ ನೀರು ಸೇರದಿದ್ದರೆ ಮೂತ್ರಪಿಂಡ ಎರಡು ದಿನದಲ್ಲಿ ಹಾಳಾಗುವುದುಂಟು. ಮೂತ್ರ ಕಡಿಮೆಯಾದರೆ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇಮ್ಯುನೊಥೆರಪಿಯ ತೊಂದರೆಗಳು ಬೇರೆ ಜಾತಿಯವು. ಕೂದಲು ಉದುರುವುದಿಲ್ಲ, ವಾಂತಿ ಕಡಿಮೆ, ಆದ್ದರಿಂದ ಅದು ಸೌಮ್ಯವಾದ ಔಷಧಿ ಎಂಬ ಭಾವನೆ ಹಬ್ಬಿದೆ. ಆದರೆ ತಡೆ ಬಿಟ್ಟ ಟಿ ಕೋಶಗಳು ಥೈರಾಯ್ಡ್, ಕರುಳು, ಯಕೃತ್ತು, ಶ್ವಾಸಕೋಶ, ಪಿಟ್ಯುಟರಿ, ವಿರಳವಾಗಿ ಹೃದಯದ ಮೇಲೂ ಎರಗಬಹುದು, ಅದೂ ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೆಯೂ. ಮೇದೋಜೀರಕದ ಇನ್ಸುಲಿನ್ ಕೋಶಗಳನ್ನೇ ನಾಶ ಮಾಡಿದರೆ, ಹತೋಟಿಯಲ್ಲಿದ್ದ ಸಕ್ಕರೆ ಇದ್ದಕ್ಕಿದ್ದಂತೆ ಏರಿ ಪ್ರಾಣಕ್ಕೆ ಬರುತ್ತದೆ. ಈಗಾಗಲೇ ಸಕ್ಕರೆ ಇರುವವರಲ್ಲಿ ಇದನ್ನು ಪಥ್ಯ ತಪ್ಪಿದ್ದು ಎಂದು ತಿಳಿದು ತಡ ಮಾಡುವ ಅಪಾಯ ಹೆಚ್ಚು. ಔಷಧಿಗೆ ಮೊದಲು ಥೈರಾಯ್ಡ್, ಕಾರ್ಟಿಸಾಲ್, ಯಕೃತ್ತಿನ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಹಿಂದೆ ಕ್ಷಯರೋಗ ಆಗಿತ್ತೇ, ಸಂಧಿವಾತ ಅಥವಾ ಸೋರಿಯಾಸಿಸ್ ಇದೆಯೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ನಾಟಿ ಔಷಧಿ ನಡೆಯುತ್ತಿದ್ದರೆ ಅದನ್ನೂ ಹೇಳಿ, ಯಕೃತ್ತು ಕೆಟ್ಟಾಗ ಕಾರಣ ಯಾವುದು ಎಂದು ತಿಳಿಯದೆ ಚಿಕಿತ್ಸೆಯೇ ನಿಂತುಹೋಗುತ್ತದೆ.

ಹಣದ ಮಾತು. ಪೆಂಬ್ರೊಲಿಜುಮಾಬ್‌ಗೆ ಕೇಂದ್ರ ಸರ್ಕಾರ 2023ರಲ್ಲಿ ಆಮದು ಸುಂಕ ತೆಗೆದಿದ್ದರೂ ಪೂರ್ಣ ಪ್ರಮಾಣದ ಚಿಕಿತ್ಸೆಯ ಖರ್ಚು ಲಕ್ಷಗಳಲ್ಲಿಯೇ ಇರುತ್ತದೆ. ಕೀನೋಟ್-689ರ ಲಾಭ ಬಂದದ್ದು ಹದಿನೇಳು ಸಲ ಪೂರ್ಣ ಪ್ರಮಾಣದಲ್ಲಿ ಕೊಟ್ಟಾಗ ಎಂಬುದನ್ನು ನೆನಪಿಡಿ. ಮೂರು ಸಲಕ್ಕೆ ಹೊಲ ಮಾರಿ, ಉಳಿದದ್ದಕ್ಕೆ ಕೈ ಬರಿದಾದರೆ ಆ ಅಧ್ಯಯನದ ಹೆಸರು ಹೇಳಿ ಪ್ರಯೋಜನವಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮಾಬ್ ಮಾತ್ರ ಕೊಟ್ಟು, ಅಂದರೆ ರೂಢಿಯ 240 ಮಿಲಿಗ್ರಾಂನ ಹನ್ನೆರಡನೇ ಒಂದು ಭಾಗ ಕೊಟ್ಟು, ಒಂದು ವರ್ಷ ಬದುಕಿದವರ ಪ್ರಮಾಣವನ್ನು ನೂರಕ್ಕೆ 16ರಿಂದ 43ಕ್ಕೆ ಏರಿಸಿ ತೋರಿಸಿದ್ದಾರೆ. ನಮ್ಮಂಥ ದೇಶಕ್ಕೆ ಇದು ದೊಡ್ಡ ಸಂಗತಿ, ನನಗೆ ಅದರ ಬಗ್ಗೆ ಅಭಿಮಾನವೂ ಇದೆ. ಆದರೆ ಅದು ಗುಣಪಡಿಸಲಾಗದ ಹಂತದ ರೋಗಿಗಳಲ್ಲಿ, ಬಾಯಿಯ ಮೂಲಕ ಕೊಡುವ ಬೇರೆ ಔಷಧಿಗಳ ಜೊತೆಗೆ ಮಾಡಿದ ಅಧ್ಯಯನ. ಆಪರೇಷನ್ನಿಗೆ ಮುಂಚಿನ ಸನ್ನಿವೇಶಕ್ಕೆ ಅದನ್ನು ಹಾಗೆಯೇ ಎತ್ತಿ ತರುವಂತಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಆಪರೇಷನ್, ಕಿಮೊ, ವಿಕಿರಣ ಅದರ ವ್ಯಾಪ್ತಿಯಲ್ಲಿವೆ. ಹೈದರಾಬಾದಿನಲ್ಲಿ ಮಾಡಿಸುವುದಾದರೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ, ಕರ್ನಾಟಕದ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ಇಮ್ಯುನೊಥೆರಪಿ ಅದರಲ್ಲಿ ಬರುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರಿಂದ ತಿಳಿದುಕೊಳ್ಳಿ. ಕಲಬುರಗಿಯಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕವಿದೆ. ದವಡೆಯ ದೊಡ್ಡ ಆಪರೇಷನ್ ಮತ್ತು ಮರುಜೋಡಣೆಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋದರೂ, ಕಿಮೊ ಮತ್ತು ರಕ್ತ ಪರೀಕ್ಷೆಗಳನ್ನು ಹತ್ತಿರದಲ್ಲಿ ಮಾಡಿಸಿಕೊಳ್ಳಬಹುದೇ ಎಂದು ಕೇಳಿ.

ಹತ್ತಿರ ಎನ್ನುವುದಕ್ಕೆ ಇಲ್ಲಿ ಬೇರೆ ಅರ್ಥವೂ ಇದೆ. ಕಿಮೊ ಆದ ಏಳರಿಂದ ಹದಿನಾಲ್ಕು ದಿನದೊಳಗೆ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ರಾತ್ರಿಯಾದರೂ ತುರ್ತು. ಊರಿನ ಡಾಕ್ಟರರಿಂದ ಒಂದು ಇಂಜೆಕ್ಷನ್ ಮಾಡಿಸಿ ಬೆಳಗ್ಗೆ ನೋಡೋಣ ಎನ್ನಬೇಡಿ. ಬೀದರಿನ ಬ್ರಿಮ್ಸ್ ಆಗಲಿ ಕಲಬುರಗಿಯ ಜಿಮ್ಸ್ ಆಗಲಿ, ಯಾವುದು ಬೇಗ ತಲುಪುತ್ತದೋ ಅಲ್ಲಿಗೆ ಹೋಗಿ, ಕಿಮೊ ಆದ ದಿನ ಮತ್ತು ಔಷಧಿಯ ಹೆಸರಿರುವ ಚೀಟಿಯನ್ನು ತೋರಿಸಿ. ಥರ್ಮಾಮೀಟರ್ ಮನೆಯಲ್ಲಿರಲಿ.

ಹಲ್ಲುಗಳನ್ನು ಈಗಲೇ ದಂತವೈದ್ಯರಿಗೆ ತೋರಿಸಿ, ಆದರೆ ಗಡ್ಡೆಯ ಕಡೆಯ ಅಲ್ಲಾಡುವ ಹಲ್ಲನ್ನು ಕ್ಯಾನ್ಸರ್ ವೈದ್ಯರ ಒಪ್ಪಿಗೆಯಿಲ್ಲದೆ ಕೀಳಿಸಬೇಡಿ. ಬೇರೆ ಕಡೆಯ ಹುಳುಕು ಹಲ್ಲುಗಳನ್ನು ವಿಕಿರಣಕ್ಕೆ ಮುಂಚೆ, ಗಾಯ ಮಾಯಲು ಎರಡು ವಾರವಾದರೂ ಸಿಗುವಂತೆ ತೆಗೆಸಬೇಕು. ಮೇಲ್ದವಡೆ ತೆಗೆದ ಮೇಲೆ ಅಂಗುಳದಲ್ಲಿ ಉಳಿಯುವ ತೆರಪನ್ನು ಮುಚ್ಚಲು ಆಬ್ಚುರೇಟರ್ ಎಂಬ ಪ್ಲೇಟ್ ಬೇಕಾಗಬಹುದು. ಅದಿಲ್ಲದಿದ್ದರೆ ಕುಡಿದ ನೀರು ಮೂಗಿಗೆ ಬರುತ್ತದೆ, ಮಾತು ತಿಳಿಯುವುದಿಲ್ಲ. ಅದರ ಅಚ್ಚನ್ನು ಆಪರೇಷನ್ನಿಗೆ ಮೊದಲೇ ತೆಗೆಯಬೇಕು. ಕಲಬುರಗಿಯ ದಂತ ಕಾಲೇಜುಗಳಲ್ಲಿ ಈ ಕೆಲಸ ಬಲ್ಲ ವಿಭಾಗಗಳಿವೆ. ಊಟದ ವಿಷಯಕ್ಕೆ, ಬಾಯಿ ಹುಣ್ಣಾದಾಗ ಖಡಕ್ ರೊಟ್ಟಿ, ಖಾರದ ಪುಂಡಿಪಲ್ಲೆ ಬದಿಗಿಟ್ಟು ಜೋಳದ ಅಂಬಲಿ, ಗಟ್ಟಿ ಬೇಳೆ, ಮೊಟ್ಟೆ, ಮಜ್ಜಿಗೆ ಕೊಡಿ. ತೂಕ ಇಳಿದರೆ ಆಪರೇಷನ್ನಿನ ಗಾಯ ಮಾಯುವುದಿಲ್ಲ.

ಈ ವಾರ ನೀವು ಮಾಡಬೇಕಾದದ್ದು ಎಂ.ಆರ್.ಐ., ಬ್ಲಾಕಿನ ಮರುಪರಿಶೀಲನೆ, ಅದರಲ್ಲಿಯೇ ಪಿಡಿ-ಎಲ್1 ಪರೀಕ್ಷೆ ಬೇಕೇ ಎಂಬ ವಿಚಾರಣೆ, ಜೊತೆಗೆ ಎದೆಯ ಸಿ.ಟಿ. ಮತ್ತು ಮೂತ್ರಪಿಂಡದ ಪರೀಕ್ಷೆ. ಇವು ಕೈಗೆ ಬಂದ ಮೇಲೆ ಇಬ್ಬರು ವೈದ್ಯರ ನಡುವೆ ನೀವು ಓಡಾಡುವ ಬದಲು, ಶಸ್ತ್ರವೈದ್ಯರು, ಕಿಮೊ ವೈದ್ಯರು, ವಿಕಿರಣ ವೈದ್ಯರು ಒಟ್ಟಿಗೆ ಕೂತು ನೋಡುವ ಟ್ಯೂಮರ್ ಬೋರ್ಡ್ ಇರುವ ಆಸ್ಪತ್ರೆಯಲ್ಲಿ ಕಡತವನ್ನು ಒಪ್ಪಿಸಿ. ಅಲ್ಲಿ ಕೇಳಬೇಕಾದ ಪ್ರಶ್ನೆ: ಇಂದೇ ಆಪರೇಷನ್ ಮಾಡಿದರೆ ಕಣ್ಣು ತೆಗೆಯುತ್ತೀರಾ? ಇಲ್ಲ ಎಂದರೆ ಆಪರೇಷನ್ನಿನ ತಾರೀಖು ಪಡೆಯಿರಿ. ಹೌದು ಎಂದರೆ, ಗಡ್ಡೆ ಎಷ್ಟು ಹಿಂದೆ ಸರಿದರೆ ತೆಗೆಯುವುದಿಲ್ಲ ಎಂದು ಕೇಳಿ, ಅದನ್ನು ಸ್ಕ್ಯಾನಿನ ಮೇಲೆ ತೋರಿಸಲು ಹೇಳಿ, ಆಮೇಲೆ ಮೊದಲ ಸುತ್ತಿಗೆ ಸಹಿ ಹಾಕಿ.